ತಾನೇ ಮಾಯುವ ಕಾಂಕ್ರೀಟು: ಲೆಕ್ಕವೂ ಸಾಕ್ಷಿಯೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟುವ ಕಷ್ಟವನ್ನು ಬಲ್ಲವರ ಮಾತದು. ಆದರೆ ಕಟ್ಟಿ ಮುಗಿಸಿ, ಗೃಹಪ್ರವೇಶದ ಊಟವಾಗಿ, ನೆಂಟರೆಲ್ಲ ತಮ್ಮ ತಮ್ಮ ಊರಿಗೆ ಹಿಂದಿರುಗಿದ ಮೇಲೆ ಒಂದು ದಿನ ತಾರಸಿಯ ಅಡಿಯಲ್ಲಿ ಕೂದಲೆಳೆಯಂಥ ಗೆರೆಯೊಂದು ಕಾಣಿಸಿಕೊಂಡಾಗ ಮನೆಯ ಯಜಮಾನನಿಗೆ ಆಗುವ ಕಳವಳಕ್ಕೆ ಯಾವ ಗಾದೆಯನ್ನೂ ನಾನು ಕೇಳಿಲ್ಲ. ಆ ಗೆರೆ ನಾಳೆ ಅಗಲವಾದೀತೆ? ಅದರೊಳಗೆ ನೀರು ಇಳಿದೀತೆ? ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದೀತೆ? ಈ ಪ್ರಶ್ನೆಗಳಿಗೆ ಉತ್ತರ ಹೇಳುವವರು ಅವನಿಗೆ ಸುಲಭವಾಗಿ ಸಿಕ್ಕುವುದಿಲ್ಲ.

ಕೆಲವು ವರ್ಷಗಳಿಂದ ವಿಜ್ಞಾನಿಗಳು ಇಂಥ ಯಜಮಾನನಿಗೆ ಸಮಾಧಾನದ ಎರಡು ಮಾತುಗಳನ್ನು ಹೇಳುತ್ತಿದ್ದಾರೆ. ಮೈಮೇಲಿನ ಗಾಯ ಮಾಯುವಂತೆ ತನ್ನ ಬಿರುಕನ್ನು ತಾನೇ ಮಾಯಿಸಿಕೊಳ್ಳುವ ಕಾಂಕ್ರೀಟನ್ನು ತಯಾರಿಸಬಹುದು ಎಂಬುದು ಮೊದಲನೆಯ ಮಾತು. ಬಿರುಕು ಎಲ್ಲಿ ಹುಟ್ಟುತ್ತದೆ, ಎಷ್ಟು ಅಗಲವಾಗುತ್ತದೆ, ಎಷ್ಟರಮಟ್ಟಿಗೆ ಮಾಯುತ್ತದೆ ಎಂಬುದನ್ನು ಕಟ್ಟುವುದಕ್ಕೆ ಮೊದಲೇ ಗಣಕಯಂತ್ರದಲ್ಲಿ ಲೆಕ್ಕ ಹಾಕಿ ನೋಡಬಹುದು ಎಂಬುದು ಎರಡನೆಯ ಮಾತು. ಮೊದಲನೆಯದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಎರಡನೆಯದನ್ನು ಎಷ್ಟರಮಟ್ಟಿಗೆ ಒಪ್ಪಬೇಕು, ಒಪ್ಪುವುದಕ್ಕೆ ಮುನ್ನ ಯಾವ ಸಾಕ್ಷಿಯನ್ನು ಕೇಳಬೇಕು ಎಂಬುದೇ ಈ ಲೇಖನದ ವಿಷಯ.

ಕಲಾ ವಿಭಾಗದ ವಿದ್ಯಾರ್ಥಿಗೆ ಕಾಂಕ್ರೀಟಿನ ಉಸಾಬರಿ ಏಕೆ ಎಂದು ಕೆಲವು ಮಿತ್ರರು ನಗಬಹುದು. ನಗಲಿ. ನಾವು ಓದುವ ಕೊಠಡಿ, ದಾಟುವ ಸೇತುವೆ, ನೀರು ಕುಡಿಯುವ ಮೇಲ್ತೊಟ್ಟಿ ಎಲ್ಲವೂ ಕಾಂಕ್ರೀಟಿನವು. ಅವುಗಳಿಗೆ ತಗಲುವ ಹಣ ಸಾರ್ವಜನಿಕರದು. ಜೊತೆಗೆ, ಒಂದು ಮಾತನ್ನು ನಂಬಲು ಎಂಥ ಆಧಾರ ಸಾಕು ಎಂಬ ಪ್ರಶ್ನೆ ತರ್ಕಶಾಸ್ತ್ರದ್ದು. ಅದು ಎಂಜಿನಿಯರಿಂಗ್ ಕಾಲೇಜಿನ ಗೇಟಿನೊಳಗೆ ಮಾತ್ರ ವಾಸಿಸುವ ಪ್ರಶ್ನೆಯಲ್ಲ.

ಕಾಂಕ್ರೀಟು ಏಕೆ ಬಿರಿಯುತ್ತದೆ ಎಂಬುದನ್ನು ಮೊದಲು ನೋಡೋಣ. ಒತ್ತುವ ಭಾರವನ್ನು ತಡೆಯುವುದರಲ್ಲಿ ಕಾಂಕ್ರೀಟು ಶೂರ. ಎಳೆತವನ್ನು ತಡೆಯುವುದರಲ್ಲಿ ಬಲು ದುರ್ಬಲ. ಒತ್ತಡವನ್ನು ತಡೆಯುವ ಶಕ್ತಿಯ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಎಳೆತವನ್ನು ತಡೆಯುವ ಶಕ್ತಿ ಅದಕ್ಕಿದೆ. ಆದುದರಿಂದಲೇ ಎಳೆತ ಬೀಳುವ ಕಡೆ ಕಬ್ಬಿಣದ ಸರಳುಗಳನ್ನು ಹಾಕುತ್ತಾರೆ. ಭಾರ ಬಿದ್ದಾಗ, ಒಣಗಿ ಕುಗ್ಗಿದಾಗ, ಬಿಸಿಲಿಗೆ ಹಿಗ್ಗಿ ಇರುಳಿನ ತಂಪಿಗೆ ಸೇದಿಕೊಂಡಾಗ ಸಣ್ಣ ಬಿರುಕುಗಳು ಏಳುವುದು ಸಹಜ. ನಮ್ಮ ದೇಶದ ಕಾಂಕ್ರೀಟ್ ಕಟ್ಟಡಗಳ ನಿಯಮಾವಳಿಯಾದ ಐ. ಎಸ್. ೪೫೬ (೨೦೦೦) ಬಿರುಕೇ ಇರಕೂಡದೆಂದು ವಿಧಿಸುವುದಿಲ್ಲ. ಸಾಮಾನ್ಯವಾಗಿ ಮೇಲ್ಮೈಯ ಬಿರುಕು ೦.೩ ಮಿಲಿಮೀಟರನ್ನು ಮೀರಬಾರದು, ಸದಾ ತೇವದಲ್ಲಿರುವ ಭಾಗಗಳಲ್ಲಿ ೦.೨ನ್ನು ಮೀರಬಾರದು, ಇನ್ನೂ ಕಠಿಣವಾದ ವಾತಾವರಣದಲ್ಲಿ ೦.೧ನ್ನು ಮೀರಬಾರದು ಎಂದಷ್ಟೇ ಅದು ಹೇಳುತ್ತದೆ. ಬಿರುಕಿನ ಅಗಲವೇ ಮುಖ್ಯ. ಅಗಲವಾದ ಬಿರುಕಿನಲ್ಲಿ ನೀರೂ ಗಾಳಿಯೂ ಒಳಹೊಕ್ಕು ಸರಳಿಗೆ ತುಕ್ಕು ಹಿಡಿಸುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಇಟಲಿಯ ಜಿನೋವಾ ನಗರದಲ್ಲಿ ೧೯೬೭ರಲ್ಲಿ ಸಂಚಾರಕ್ಕೆ ತೆರೆದಿದ್ದ ಮೊರಾಂಡಿ ಸೇತುವೆ ೨೦೧೮ರ ಆಗಸ್ಟ್ ೧೪ರಂದು ಕುಸಿದು ೪೩ ಮಂದಿ ಸತ್ತರು. ಅದರ ಉಕ್ಕಿನ ಹಗ್ಗಗಳು ಕಾಂಕ್ರೀಟಿನ ಹೊದಿಕೆಯೊಳಗೆ ಅಡಗಿದ್ದುವು. ಒಳಗಿನ ತುಕ್ಕು ಹೊರಗಿನ ಕಣ್ಣಿಗೆ ಕಾಣದಾಗಿತ್ತು. ಕೂದಲೆಳೆಯಂಥ ಗೆರೆಯನ್ನು ಲಘುವಾಗಿ ಕಾಣಬಾರದೆಂಬುದಕ್ಕೆ ಇಂಥ ಪ್ರಸಂಗಗಳೇ ಸಾಕು.

ಬಿರುಕು ತಾನೇ ಮುಚ್ಚಿಕೊಳ್ಳುವುದು ಹೊಸ ಕೌತುಕವೇನಲ್ಲ. ಸುಣ್ಣದ ಗಾರೆಗೆ ಆ ಗುಣ ಸ್ವಲ್ಪಮಟ್ಟಿಗೆ ಸ್ವಭಾವವಾಗಿಯೇ ಇದೆ. ತೇವ ತಗಲಿದಾಗ ಸುಣ್ಣ ಕರಗಿ, ಗಾಳಿಯ ಇಂಗಾಲಾಮ್ಲದೊಡನೆ ಕೂಡಿ, ಸುಣ್ಣದ ಕಲ್ಲಾಗಿ ಮತ್ತೆ ಗಟ್ಟಿಯಾಗುತ್ತದೆ. ನಮ್ಮ ಕೃಷ್ಣರಾಜಸಾಗರದ ಕಟ್ಟೆಯನ್ನು ೧೯೧೧ರಲ್ಲಿ ಆರಂಭಿಸಿ ಕಟ್ಟಿದ್ದು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ. ರೋಮನರ ಹಳೆಯ ಕಾಂಕ್ರೀಟಿನಲ್ಲಿ ಉಳಿದಿರುವ ಸುಣ್ಣದ ಸಣ್ಣ ಬಿಳಿಯ ಗಂಟುಗಳು ಕಲಸುವವರ ಅಜಾಗ್ರತೆಯ ಗುರುತೆಂದು ಬಹುಕಾಲ ಎಣಿಸಲಾಗಿತ್ತು. ಆ ಗಂಟುಗಳೇ ಬಿರುಕನ್ನು ಮುಚ್ಚುವ ದಾಸ್ತಾನು ಎಂದು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಆಡ್ಮಿರ್ ಮಾಸಿಕ್ ಮತ್ತು ಅವರ ಸಂಗಡಿಗರು ೨೦೨೩ರಲ್ಲಿ ತೋರಿಸಿದರು. ಅದೇ ರೀತಿಯಲ್ಲಿ ಹೊಸದಾಗಿ ಕಲಸಿದ ಕಾಂಕ್ರೀಟನ್ನು ಒಡೆದು, ಬಿರುಕಿನಲ್ಲಿ ನೀರು ಹರಿಸಿದಾಗ, ಎರಡು ವಾರಗಳೊಳಗೆ ನೀರು ಹರಿಯುವುದು ನಿಂತಿತು.

ಇಂದಿನ ಸಿಮೆಂಟ್ ಕಾಂಕ್ರೀಟಿನಲ್ಲೂ ನೀರು ತಗಲದೆ ಉಳಿದ ಸಿಮೆಂಟಿನ ಕಣಗಳಿರುತ್ತವೆ. ಬಿರುಕಿನ ಮೂಲಕ ನೀರು ಬಂದಾಗ ಅವು ಗಟ್ಟಿಯಾಗಿ ಬಹು ಸಣ್ಣ ಬಿರುಕುಗಳನ್ನು ತಾವಾಗಿಯೇ ಮುಚ್ಚುತ್ತವೆ. ಈ ಸ್ವಾಭಾವಿಕ ಗುಣವನ್ನು ಹೆಚ್ಚಿಸಲು ಹಲವರು ಹಲವು ದಾರಿ ಹಿಡಿದರು. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರೊಲಿನ್ ಡ್ರೈ ೧೯೯೦ರ ದಶಕದಲ್ಲಿ ಅಂಟುದ್ರವ ತುಂಬಿದ ಟೊಳ್ಳು ನಳಿಕೆಗಳನ್ನು ಕಾಂಕ್ರೀಟಿನೊಳಗೆ ಹುದುಗಿಸಿ ನೋಡಿದರು. ಮಿಷಿಗನ್ನಿನ ವಿಕ್ಟರ್ ಲೀ ನಾರುಗಳನ್ನು ಬೆರೆಸಿ, ಒಂದು ದೊಡ್ಡ ಬಿರುಕಿನ ಬದಲು ನೂರಾರು ಸೂಕ್ಷ್ಮ ಬಿರುಕುಗಳೇಳುವ, ಬಾಗುವ ಕಾಂಕ್ರೀಟನ್ನು ಮಾಡಿದರು. ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹೆಂಕ್ ಯೋಂಕರ್ಸ್ ಬೀಜಾಣು ರೂಪದಲ್ಲಿ ನಿದ್ರಿಸುವ ಬ್ಯಾಕ್ಟೀರಿಯಾಗಳನ್ನೂ ಅವುಗಳ ಆಹಾರವನ್ನೂ ಕಾಂಕ್ರೀಟಿನಲ್ಲಿ ಇಟ್ಟರು. ಬಿರುಕಿನಿಂದ ನೀರು ಬಂದಾಗ ಅವು ಎಚ್ಚೆತ್ತು ಸುಣ್ಣದ ಕಲ್ಲನ್ನು ಕಟ್ಟುತ್ತವೆ. ಬ್ರಿಟನ್ನಿನಲ್ಲಿ ಕಾರ್ಡಿಫ್, ಬಾತ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳು ಒಟ್ಟುಗೂಡಿ ೨೦೧೫ರಲ್ಲಿ ದಕ್ಷಿಣ ವೇಲ್ಸಿನ ಎ-೪೬೫ ಹೆದ್ದಾರಿಯ ಕಾಮಗಾರಿಯ ಜಾಗದಲ್ಲಿ ಐದು ಗೋಡೆಫಲಕಗಳನ್ನು ನಿಲ್ಲಿಸಿ, ಬೇರೆ ಬೇರೆ ಮಾಯಿಸುವ ವಿಧಾನಗಳನ್ನು ಬಯಲಿನಲ್ಲಿ ಪರೀಕ್ಷಿಸಿದುವು.

ಇಷ್ಟೆಲ್ಲ ಪ್ರಯೋಗ ನಡೆದಿರುವಾಗ ಗಣಕಯಂತ್ರದ ಲೆಕ್ಕ ಏಕೆ ಬೇಕು? ಕಾರಣ ಸರಳವಾಗಿದೆ. ಸೇತುವೆಯನ್ನು ಐವತ್ತು, ನೂರು ವರ್ಷಗಳಿಗೆಂದು ಕಟ್ಟುತ್ತಾರೆ; ಪ್ರಯೋಗಶಾಲೆಯ ತೊಲೆಯನ್ನು ಕೆಲವು ತಿಂಗಳು, ಹೆಚ್ಚೆಂದರೆ ಕೆಲವು ವರ್ಷ ಪರೀಕ್ಷಿಸಬಹುದು. ಆ ಕೆಲವು ತಿಂಗಳಿಂದ ಈ ನೂರು ವರ್ಷಕ್ಕೆ ಹಾರುವುದಕ್ಕೆ ಲೆಕ್ಕವೆಂಬ ಹಲಗೆ ಬೇಕೇ ಬೇಕು.

ಬಿರುಕಿನ ಲೆಕ್ಕಕ್ಕೆ ಒಂದು ಶತಮಾನದ ಇತಿಹಾಸವಿದೆ. ಬಿರುಕು ಬೆಳೆಯಬೇಕಾದರೆ ಹೊಸ ಮೇಲ್ಮೈಯನ್ನು ಸೃಷ್ಟಿಸುವಷ್ಟು ಶಕ್ತಿ ಒದಗಬೇಕು ಎಂಬ ತತ್ತ್ವವನ್ನು ಇಂಗ್ಲೆಂಡಿನ ಗ್ರಿಫಿತ್ ೧೯೨೧ರಲ್ಲಿ ಗಾಜಿನ ಮೇಲಣ ಪ್ರಯೋಗಗಳಿಂದ ಸ್ಥಾಪಿಸಿದ. ಒಂದು ವಸ್ತುವನ್ನು ಲೆಕ್ಕದಲ್ಲಿ ಸಾವಿರಾರು ಸಣ್ಣ ತುಂಡುಗಳಾಗಿ ಕಲ್ಪಿಸಿ, ಒಂದೊಂದು ತುಂಡಿನ ಮೇಲೆ ಬೀಳುವ ಬಲವನ್ನು ಎಣಿಸಿ, ಎಲ್ಲವನ್ನೂ ಜೋಡಿಸಿ ಉತ್ತರ ಪಡೆಯುವ ವಿಧಾನಕ್ಕೆ ೧೯೬೦ರಲ್ಲಿ ಕ್ಯಾಲಿಫೋರ್ನಿಯದ ರೇ ಕ್ಲಫ್ ಹೆಸರಿಟ್ಟ. ಕಬ್ಬಿಣ ಹಾಕಿದ ಕಾಂಕ್ರೀಟ್ ತೊಲೆಯ ಬಿರುಕನ್ನು ೧೯೬೭ರಲ್ಲಿ ಎನ್ಗೋ ಮತ್ತು ಸ್ಕೊರ್ಡೆಲಿಸ್ ಎಂಬವರು ಈ ವಿಧಾನಕ್ಕೆ ಅಳವಡಿಸಿದರು. ಆದರೆ ಕಾಂಕ್ರೀಟು ಗಾಜಿನಂತೆ ಒಮ್ಮೆಲೇ ಸಿಡಿಯುವುದಿಲ್ಲ. ಬಿರುಕಿನ ತುದಿಯಲ್ಲಿ ಜಲ್ಲಿಕಲ್ಲುಗಳು ಎರಡು ಕಡೆಯನ್ನೂ ಇನ್ನೂ ಹಿಡಿದುಕೊಂಡಿರುತ್ತವೆ. ಬಿರುಕು ಅಗಲವಾದಂತೆ ಆ ಹಿಡಿತ ಸಡಿಲವಾಗುತ್ತ ಹೋಗುತ್ತದೆ. ಈ ಸಡಿಲಿಕೆಯನ್ನು ಲೆಕ್ಕಕ್ಕೆ ತಂದವರು ಸ್ವೀಡನ್ನಿನ ಹಿಲ್ಲೆರ್‌ಬೋರ್ಗ್ ಮತ್ತು ಅವರ ಸಂಗಡಿಗರು, ೧೯೭೬ರಲ್ಲಿ.

ಇಲ್ಲಿ ಒಂದು ವಿಚಿತ್ರವಾದ ತೊಡಕು ಇತ್ತು. ತುಂಡುಗಳನ್ನು ಸಣ್ಣದು ಮಾಡಿದಂತೆಲ್ಲ ಉತ್ತರ ನಿಜಕ್ಕೆ ಹತ್ತಿರವಾಗಬೇಕೆಂಬುದು ನಮ್ಮ ನಿರೀಕ್ಷೆ. ಆದರೆ ಬಿರುಕನ್ನು ತುಂಡಿನೊಳಗೆಲ್ಲ ಹರಡಿ ಎಣಿಸುವ ಲೆಕ್ಕದಲ್ಲಿ, ತುಂಡು ಸಣ್ಣದಾದಂತೆ ಒಡೆಯಲು ಬೇಕಾಗುವ ಶಕ್ತಿಯೂ ಕಡಮೆಯಾಗುತ್ತ ಬಂದು, ಕೊನೆಗೆ ತೊಲೆ ಏನೂ ಶಕ್ತಿಯಿಲ್ಲದೆಯೇ ಮುರಿಯುತ್ತದೆಂಬ ಅಸಂಬದ್ಧವಾದ ಉತ್ತರ ಬರುತ್ತಿತ್ತು! ತುಂಡಿನ ಅಳತೆಗೂ ಬಿರುಕಿನ ಶಕ್ತಿಗೂ ಗಂಟು ಹಾಕಿ ಈ ತೊಡಕನ್ನು ಬಿಡಿಸಿದವರು ಬಾಜಾಂತ್ ಮತ್ತು ಓ, ೧೯೮೩ರಲ್ಲಿ. ನಾನು ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಗಣಕಯಂತ್ರ ಕೊಟ್ಟ ಚಿತ್ರ ಎಷ್ಟೇ ಅಂದವಾಗಿರಲಿ, ಅದರೊಳಗೆ ಮನುಷ್ಯನು ಮಾಡಿದ ಊಹೆಯೊಂದು ಕುಳಿತಿರುತ್ತದೆ. ಆ ಊಹೆಯನ್ನು ಹುಡುಕಿ ಹೊರತೆಗೆದವರಿಂದಲೇ ಈ ಶಾಸ್ತ್ರ ಮುಂದುವರಿದಿದೆ.

ಬಿರಿಯುವುದರ ಲೆಕ್ಕವೇ ಇಷ್ಟು ಕಠಿಣವಾದರೆ, ಮಾಯುವುದರ ಲೆಕ್ಕ ಇನ್ನೆಷ್ಟು ಕಠಿಣ! ಒಡೆಯುವಿಕೆಯನ್ನು ಒಂದು ಅಂಕಿಯಿಂದ ಅಳೆಯುವುದುಂಟು: ಸೊನ್ನೆ ಎಂದರೆ ಗಟ್ಟಿಮುಟ್ಟು, ಒಂದು ಎಂದರೆ ಪೂರ್ತಿ ಒಡೆದದ್ದು. ಸಾಮಾನ್ಯ ಕಾಂಕ್ರೀಟಿನಲ್ಲಿ ಈ ಅಂಕಿ ಏರುವುದೇ ಹೊರತು ಇಳಿಯುವಂತಿಲ್ಲ. ಮಾಯುವ ಕಾಂಕ್ರೀಟಿನಲ್ಲಿ ಅದು ಹಿಂದಕ್ಕೂ ಬರಬೇಕು. ಬರಬೇಕಾದರೆ ಮೊದಲು ಬಿರುಕು ಔಷಧವಿರುವ ಗುಳಿಗೆಯನ್ನು ಹಾಯಬೇಕು. ಬಿರುಕು ಗುಳಿಗೆಯನ್ನು ಹಾಯುವ ಸಂಭವವೆಷ್ಟು ಎಂಬುದನ್ನು ೨೦೧೧ರಲ್ಲಿ ಝೆಮ್ಸ್‌ಕೋವ್, ಯೋಂಕರ್ಸ್, ವೆರ್ಮೊಲೆನ್ ಎಂಬವರು ಗಣಿತದಿಂದ ಬಿಡಿಸಿದರು; ಗೆರೆ ಎಳೆದ ಹಲಗೆಯ ಮೇಲೆ ಸೂಜಿಯನ್ನೆಸೆದರೆ ಅದು ಗೆರೆಯನ್ನು ಮುಟ್ಟುವ ಸಂಭವವೆಷ್ಟು ಎಂದು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಬಫನ್ ಕೇಳಿದ ಪ್ರಶ್ನೆಯ ಜಾತಿಗೆ ಸೇರಿದ ಪ್ರಶ್ನೆಯಿದು. ಆಮೇಲೆ ದ್ರವ ಬಿರುಕಿನೊಳಗೆ ಹರಿಯಬೇಕು, ಹರಿದದ್ದು ಗಟ್ಟಿಯಾಗಬೇಕು, ಗಟ್ಟಿಯಾಗುತ್ತಿರುವಾಗಲೇ ಬಿರುಕು ಮತ್ತೆ ಅಗಲವಾದರೆ ಅದರ ಲೆಕ್ಕ ಬೇರೆ, ಮಾಯ್ದ ಜಾಗ ಎರಡನೆಯ ಸಲ ಒಡೆದರೆ ಅದರ ಲೆಕ್ಕ ಇನ್ನೂ ಬೇರೆ. ಕಾರ್ಡಿಫಿನ ಟೋನಿ ಜೆಫರ್ಸನ್ ಮೊದಲಾದವರು ಇವೆಲ್ಲವನ್ನೂ ಒಂದೇ ಲೆಕ್ಕದಲ್ಲಿ ಹೆಣೆಯಲು ಶ್ರಮಿಸುತ್ತ ಬಂದಿದ್ದಾರೆ. ಶ್ರಮ ಶ್ಲಾಘ್ಯವಾದುದು. ಆದರೆ ಒಂದೊಂದು ಹೆಜ್ಜೆಗೂ ಒಂದೆರಡು ಅಂಕಿಗಳನ್ನು ಪ್ರಯೋಗದಿಂದ ಹೊಂದಿಸಿಕೊಳ್ಳಬೇಕಾಗುತ್ತದೆ. ಹೊಂದಿಸಬಹುದಾದ ಅಂಕಿಗಳು ಹೆಚ್ಚಾದಷ್ಟೂ ನಡೆದುಹೋದ ಪ್ರಯೋಗಕ್ಕೆ ಲೆಕ್ಕವನ್ನು ಒಪ್ಪಿಸುವುದು ಸುಲಭ. ನಡೆಯಬೇಕಾದದ್ದನ್ನು ಮುಂದಾಗಿ ಹೇಳುವುದು ಮಾತ್ರ ಅಷ್ಟೇ ಕಷ್ಟ. ಊಟವಾದ ಮೇಲೆ ಎಲೆ ನೋಡಿ ಪದಾರ್ಥಗಳ ಹೆಸರು ಹೇಳುವವನನ್ನು ನಾವು ಜ್ಯೋತಿಷಿ ಎಂದು ಕರೆಯುವುದಿಲ್ಲ.

ಲೆಕ್ಕವನ್ನು ಕುರುಡಾಗಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕಾಂಕ್ರೀಟಿನ ಚರಿತ್ರೆಯಲ್ಲೇ ಒಂದು ದೊಡ್ಡ ಪಾಠವಿದೆ. ನಾರ್ವೆ ದೇಶದ ಸ್ಟಾವೆಂಗರ್ ಊರಿನ ಬಳಿಯ ಕೊಲ್ಲಿಯಲ್ಲಿ ೧೯೯೧ರ ಆಗಸ್ಟ್ ೨೩ರಂದು, ಸಮುದ್ರದ ತೈಲಾನಿಲ ತೆಗೆಯಲು ಕಟ್ಟಿದ್ದ ‘ಸ್ಲೈಪ್ನರ್-ಎ’ ಎಂಬ ವೇದಿಕೆಯ ಕಾಂಕ್ರೀಟ್ ಬುಡವನ್ನು ಪರೀಕ್ಷೆಗಾಗಿ ನೀರಿನಲ್ಲಿ ಇಳಿಸುತ್ತಿದ್ದರು. ಒಂದು ಗೋಡೆ ಬಿರಿಯಿತು. ಒಳನುಗ್ಗಿದ ನೀರನ್ನು ಪಂಪುಗಳು ತಡೆಯಲಾರದೆ ಹೋದುವು. ಇಡೀ ಬುಡ ಮುಳುಗಿ ಹೋಯಿತು. ಪ್ರಾಣಹಾನಿಯಾಗಲಿಲ್ಲ, ಆದರೆ ನಷ್ಟ ಸುಮಾರು ೭೦ ಕೋಟಿ ಡಾಲರುಗಳೆಂದು ಅಂದಾಜಾಯಿತು. ತನಿಖೆಯಿಂದ ತಿಳಿದುದೇನು? ಗಣಕಯಂತ್ರದ ಲೆಕ್ಕದಲ್ಲಿ ಗೋಡೆಗಳು ಕೂಡುವ ಮೂಲೆಯನ್ನು ತೀರ ಒರಟಾದ ತುಂಡುಗಳಿಂದ ಕಲ್ಪಿಸಿದ್ದರು. ಅದರಿಂದ ಗೋಡೆಯನ್ನು ಕತ್ತರಿಸುವ ಬಲ ಇದ್ದುದಕ್ಕಿಂತ ಶೇಕಡಾ ೪೭ರಷ್ಟು ಕಡಮೆಯೆಂದು ತೋರಿತ್ತು. ಇಲ್ಲಿಗೆ ಕಥೆ ನಿಂತಿದ್ದರೆ ‘ಯಂತ್ರವನ್ನು ನಂಬಬೇಡಿ’ ಎಂಬುದೇ ನೀತಿಯಾಗುತ್ತಿತ್ತು. ಆದರೆ ಅಪಘಾತದ ಮೇಲೆ ಅದೇ ವಿಧಾನದಿಂದ, ಹೆಚ್ಚು ಎಚ್ಚರಿಕೆಯಿಂದ ಲೆಕ್ಕ ಹಾಕಿದಾಗ, ಬುಡ ೬೨ ಮೀಟರ್ ಆಳದಲ್ಲಿ ಸೋಲಬೇಕೆಂಬ ಉತ್ತರ ಬಂತು. ಅದು ನಿಜವಾಗಿ ಸೋತದ್ದು ೬೫ ಮೀಟರಿನಲ್ಲಿ! ಲೆಕ್ಕದ ವಿಧಾನ ಸುಳ್ಳಾಗಿರಲಿಲ್ಲ. ಅದನ್ನು ಪರೀಕ್ಷಿಸದೆ ಪ್ರಮಾಣಪತ್ರದಂತೆ ಸ್ವೀಕರಿಸಿದ್ದು ಮುಳುವಾಯಿತು.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ ಮೊದಲಾದ ಪ್ರಮಾಣಗಳನ್ನು ಹೇಳುತ್ತಾರೆ. ಪ್ರಯೋಗಶಾಲೆಯಲ್ಲಿ ಮುಚ್ಚಿಕೊಂಡ ಬಿರುಕು ಪ್ರತ್ಯಕ್ಷ. ನೂರು ವರ್ಷ ಬಾಳುವ ಸೇತುವೆಯ ಬಗ್ಗೆ ಗಣಕಯಂತ್ರ ಹೇಳುವುದು ಅನುಮಾನ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ಸರಿಯಾದ ಅನುಮಾನ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂದರೆ ತಪ್ಪು. ಏಕೆಂದರೆ ಅಲ್ಲಿ ಹಸಿ ಸೌದೆಯೆಂಬ ‘ಉಪಾಧಿ’ ಅಡಗಿದೆ. ಸೌದೆ ಹಸಿಯಾಗಿದ್ದರೆ ಮಾತ್ರ ಹೊಗೆ. ಬಿರುಕು ಬಿಟ್ಟಲ್ಲೆಲ್ಲ ಈ ಕಾಂಕ್ರೀಟು ಮಾಯುತ್ತದೆ ಎಂಬ ಮಾತಿನಲ್ಲೂ ಅಂಥದೇ ಉಪಾಧಿ ಅಡಗಿದೆ. ಆಶ್ಚರ್ಯವೆಂದರೆ ಇಲ್ಲಿಯೂ ಅದು ಹಸಿಯೇ, ಎಂದರೆ ತೇವವೇ! ಸಿಮೆಂಟಿನ ಕಣಗಳಿಗೆ ನೀರು ಬೇಕು. ಬೀಜಾಣುಗಳು ಎಚ್ಚರಗೊಳ್ಳಲು ನೀರು ಬೇಕು. ರೋಮನರ ಸುಣ್ಣದ ಗಂಟು ಕರಗಲೂ ನೀರು ಬೇಕು. ಡೆಲ್ಫ್ಟಿನಲ್ಲಿ ೨೦೧೧ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗದಲ್ಲಿ ಬ್ಯಾಕ್ಟೀರಿಯಾವುಳ್ಳ ಕಾಂಕ್ರೀಟು ೦.೪೬ ಮಿಲಿಮೀಟರ್ ಅಗಲದವರೆಗಿನ ಬಿರುಕನ್ನು ಮುಚ್ಚಿತು. ಸಾಮಾನ್ಯ ಕಾಂಕ್ರೀಟು ೦.೧೮ ಮಿಲಿಮೀಟರಿನವರೆಗೆ ಮಾತ್ರ. ಶ್ಲಾಘ್ಯವಾದ ವ್ಯತ್ಯಾಸವೇ ಸರಿ. ಆದರೆ ಆ ತುಂಡುಗಳು ನೂರು ದಿನ ನೀರಿನಲ್ಲಿ ಮುಳುಗಿದ್ದುವು ಎಂಬುದನ್ನು ಮರೆಯಬಾರದು. ನಮ್ಮ ಬಯಲುಸೀಮೆಯ ಯಾವ ಮನೆಯ ತಾರಸಿಗೆ ನೂರು ದಿನ ನೀರಿನಲ್ಲಿ ಮುಳುಗಿರುವ ಭಾಗ್ಯವುಂಟು? ಹಾಲೆಂಡಿನ ತೊಟ್ಟಿಯಲ್ಲೋ ವೇಲ್ಸಿನ ಮಳೆಯಲ್ಲೋ ಹೊಂದಿಸಿದ ಅಂಕಿಗಳನ್ನು ಇಟ್ಟುಕೊಂಡು ಚಿತ್ರದುರ್ಗದ ಬಿಸಿಲಿನಲ್ಲಿ ನಿಂತ ಕಂಬದ ಆಯುಷ್ಯವನ್ನು ಲೆಕ್ಕ ಹಾಕಿದರೆ, ಗಣಿತ ಎಷ್ಟೇ ಶುದ್ಧವಾಗಿರಲಿ, ಅನುಮಾನ ಅಶುದ್ಧವಾಗುತ್ತದೆ.

ನಮ್ಮ ನಾಡಿನಲ್ಲಿ ಇದಕ್ಕೆ ತಕ್ಕ ಪ್ರಯತ್ನ ನಡೆದಿಲ್ಲವೆಂದು ನಾನು ಹೇಳುತ್ತಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತೊಂಡೇಭಾವಿಯಲ್ಲಿ ೨೦೧೫ರಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ನೇಮಕುಮಾರ್ ಬಂಥಿಯಾ ಅವರ ತಂಡ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವ ಕಾಂಕ್ರೀಟ್ ರಸ್ತೆಯೊಂದನ್ನು ಹಾಕಿತು. ಸಿಮೆಂಟಿನ ಹೆಚ್ಚು ಪಾಲಿನ ಬದಲು ಹಾರುಬೂದಿ. ಜೊತೆಗೆ ನೀರನ್ನು ಸೆಳೆಯುವ ಲೇಪವುಳ್ಳ ನಾರುಗಳು. ಬಿದ್ದ ಅಲ್ಪಸ್ವಲ್ಪ ಮಳೆಯ ನೀರನ್ನೇ ಈ ನಾರುಗಳು ಹಿಡಿದು, ಬಿರುಕಿನ ಬದಿಯ ಸಿಮೆಂಟಿಗೆ ಒದಗಿಸುತ್ತವೆ. ತೇವವೆಂಬ ಉಪಾಧಿಯನ್ನು ಮರೆಯದೆ, ಅದನ್ನೇ ಎದುರಿಸಿ ಹೂಡಿದ ಉಪಾಯವಿದು. ನಗರದ ಪ್ರಯೋಗಶಾಲೆಯನ್ನು ಬಿಟ್ಟು, ಎತ್ತಿನ ಗಾಡಿಯೂ ಟ್ರ್ಯಾಕ್ಟರೂ ಓಡಾಡುವ ಹಳ್ಳಿಯ ದಾರಿಯನ್ನು ಆರಿಸಿಕೊಂಡದ್ದು ಇನ್ನೂ ಮೆಚ್ಚತಕ್ಕ ಸಂಗತಿ. ಇಂಥ ರಸ್ತೆಯ ಬಿರುಕುಗಳನ್ನು ವರ್ಷ ವರ್ಷವೂ ಅಳೆದು, ಮಳೆಯ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟರೆ, ಗಣಕಯಂತ್ರದ ಲೆಕ್ಕಕ್ಕೆ ಅದಕ್ಕಿಂತ ಉತ್ತಮವಾದ ಒರೆಗಲ್ಲು ಬೇರೊಂದು ಸಿಕ್ಕಲಾರದು.

“ಹಾಗಾದರೆ ಐವತ್ತು ವರ್ಷ ಕಾದು ಕುಳಿತಿರಬೇಕೇ? ಅಷ್ಟರಲ್ಲಿ ಎಷ್ಟು ಸೇತುವೆಗಳು ಹಾಳಾಗುತ್ತವೆ?” ಎಂದು ಪ್ರತಿವಾದಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೋಕದ ಇಂಗಾಲಾಮ್ಲ ಅನಿಲದಲ್ಲಿ ಸುಮಾರು ಶೇಕಡಾ ೮ರಷ್ಟು ಸಿಮೆಂಟಿನ ತಯಾರಿಕೆಯಿಂದಲೇ ಹುಟ್ಟುತ್ತಿದೆ. ಸಿಮೆಂಟ್ ತಯಾರಿಸುವ ದೇಶಗಳಲ್ಲಿ ನಮ್ಮದು ಎರಡನೆಯದು. ಕಟ್ಟಡದ ಆಯುಷ್ಯ ಇಮ್ಮಡಿಯಾದರೆ ಹಣವೂ ಉಳಿಯಿತು, ಗಾಳಿಯೂ ಉಳಿಯಿತು. ಅರ್ಥಶಾಸ್ತ್ರ ಓದುವ ಮಿತ್ರರು ಬಲ್ಲಂತೆ, ಕಟ್ಟುವ ದಿನದ ಖರ್ಚೊಂದನ್ನೇ ನೋಡದೆ ಬಾಳಿನುದ್ದದ ಖರ್ಚನ್ನು ನೋಡಿದರೆ, ದುಬಾರಿಯಾದ ಕಾಂಕ್ರೀಟೇ ಅಗ್ಗವಾದೀತು. ಆದುದರಿಂದ ಕಾಯುವುದು ನನ್ನ ಸಲಹೆಯಲ್ಲ. ಕಟ್ಟೋಣ, ಆದರೆ ಮಾಯುವ ಗುಣವನ್ನು ಭಾರ ಹೊರುವ ಶಕ್ತಿಯ ಲೆಕ್ಕದಲ್ಲಿ ಸೇರಿಸದೆ ಕಟ್ಟೋಣ. ಮಾಯುವುದು ನೀರನ್ನು ತಡೆಯಲಿ, ತುಕ್ಕನ್ನು ತಡೆಯಲಿ, ಅದು ಮೇಲುಸಂಪಾದನೆ. ಮೇಲುಸಂಪಾದನೆಯನ್ನು ನೆಚ್ಚಿ ಮೂಲ ಸಂಬಳವನ್ನು ಕಡಮೆ ಮಾಡಿಕೊಳ್ಳುವ ಗೃಹಸ್ಥನಿಲ್ಲ. ಸರಳನ್ನು ತೆಳುವು ಮಾಡುವುದಕ್ಕೂ ಸಿಮೆಂಟನ್ನು ಕದಿಯುವುದಕ್ಕೂ ‘ಅದು ತಾನೇ ಮಾಯುತ್ತದೆ’ ಎಂಬುದು ನೆಪವಾಗಕೂಡದು.

ಇದು ಬರಿಯ ಶಂಕೆಯಲ್ಲ. ನಮ್ಮ ತಂದೆಯವರು ಗಾರೆ ಕೆಲಸದವರು. ತಾರಸಿ ಹಾಕಿದ ಮರುದಿನವೇ ಅದರ ಮೇಲೆ ಸಣ್ಣ ಸಣ್ಣ ಬದು ಕಟ್ಟಿ, ನೀರು ನಿಲ್ಲಿಸಿ, ಕಂಬಗಳಿಗೆ ಗೋಣಿತಾಟು ಸುತ್ತಿ ಹೊತ್ತುಹೊತ್ತಿಗೆ ನೆನೆಸುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ನಿಯಮಾವಳಿಯ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಏಳು ದಿನ, ಹಾರುಬೂದಿ ಮೊದಲಾದುವು ಬೆರೆತಿದ್ದರೆ ಇಲ್ಲವೆ ಬಿಸಿಲು ಹೆಚ್ಚಾಗಿದ್ದರೆ ಕನಿಷ್ಠ ಹತ್ತು ದಿನ ಹೀಗೆ ತೇವ ಕಾಯಬೇಕು. ಎಷ್ಟು ಕಡೆ ಕಾಯುತ್ತಾರೆ? ನೀರಿನ ಟ್ಯಾಂಕರಿಗೆ ದುಡ್ಡು, ಆಳಿಗೆ ಕೂಲಿ, ಬಿಲ್ಲಿಗೆ ಅವಸರ. ನಮ್ಮ ಕಡೆಯ ಒಂದು ಮೋರಿಯ ಸೇತುವೆ ಎರಡನೆಯ ಮಳೆಗಾಲ ಕಾಣುವುದರೊಳಗೇ ಬಿರಿಯಿತು. ಕಟ್ಟಿದವರು ಬಂದು ಬಿರುಕಿನ ಮೇಲೆ ಸಿಮೆಂಟಿನ ಹಾಲು ಬಳಿದು ಹೋದರು. ಅದು ಮಾಯಿಸುವುದಲ್ಲ, ಮರೆಸುವುದು. ತಾನೇ ಮಾಯುವ ಕಾಂಕ್ರೀಟಿನ ವಿಚಾರವನ್ನು ನಾನು ತಂದೆಯವರಿಗೆ ವಿವರಿಸಿದಾಗ ಅವರು ಆಶ್ಚರ್ಯಪಡಲಿಲ್ಲ. “ಅಲ್ಲಪ್ಪ, ಅದಕ್ಕೂ ನೀರು ಬೇಕು ಅಂತೀಯ. ಮೊದಲ ಏಳು ದಿನ ನೀರು ಹಾಕದೋರು ಆಮೇಲೆ ಹಾಕ್ತಾರೇನು?” ಎಂದು ಕೇಳಿದರು. ನಾನು ಓದಿದ ಯಾವ ಪ್ರಬಂಧದಲ್ಲೂ ಈ ಪ್ರಶ್ನೆಯನ್ನು ಕಂಡಿರಲಿಲ್ಲ. ಗಣಕಯಂತ್ರದ ಲೆಕ್ಕದಲ್ಲಿ ಸಿಮೆಂಟಿಗೆ ಒಂದು ಅಂಕಿಯಿದೆ, ನೀರಿಗೆ ಒಂದು ಅಂಕಿಯಿದೆ. ಕೆಲಸಗಾರನ ಎಚ್ಚರಕ್ಕೆ, ಗುತ್ತಿಗೆದಾರನ ಅವಸರಕ್ಕೆ ಅಂಕಿಯಿಲ್ಲ. ಆದರೆ ನಮ್ಮ ಕಟ್ಟಡಗಳಲ್ಲಿ ಬಿರುಕು ಹುಟ್ಟುವುದು ಅನೇಕ ವೇಳೆ ಅಲ್ಲಿಂದಲೇ.

ಆದುದರಿಂದ ನಾನು ಮೂರು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಮೊದಲನೆಯದು: ಯಾವುದೇ ಮಾಯುವ ಕಾಂಕ್ರೀಟನ್ನು ಸಾರ್ವಜನಿಕ ಹಣದಿಂದ ಬಳಸುವಾಗ, ಲೆಕ್ಕ ಏನು ಹೇಳುತ್ತದೆ ಎಂಬುದನ್ನು ಕಟ್ಟುವುದಕ್ಕೆ ಮೊದಲೇ ಬರೆದು ಪ್ರಕಟಿಸಲಿ. ಇಂಥ ವರ್ಷ ಇಷ್ಟು ಅಗಲದ ಬಿರುಕು, ಇಷ್ಟು ದಿನದಲ್ಲಿ ಇಷ್ಟು ಮುಚ್ಚಬೇಕು ಎಂದು ಮುಂದಾಗಿ ಹೇಳಲಿ. ಆಮೇಲೆ ಅಳೆದದ್ದನ್ನೂ, ಲೆಕ್ಕ ಗೆದ್ದರೂ ಸೋತರೂ, ಅದೇ ಹಾಳೆಯಲ್ಲಿ ಪ್ರಕಟಿಸಲಿ. ಸೋಲನ್ನು ಬಚ್ಚಿಟ್ಟ ಶಾಸ್ತ್ರ ಬೆಳೆಯುವುದಿಲ್ಲ. ಎರಡನೆಯದು: ನಮ್ಮ ಹವೆಗೆ ನಮ್ಮ ಅಂಕಿಗಳು ಬೇಕು. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ, ಬಯಲುಸೀಮೆಯ ಒಣಬಿಸಿಲು ಮೂರೂ ಬೇರೆ ಬೇರೆ ಲೋಕಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಂಕ್ರೀಟಿನ ಬಿರುಕನ್ನು ಕುರಿತು ಬಹುಕಾಲದಿಂದ ಸಂಶೋಧನೆ ನಡೆಯುತ್ತ ಬಂದಿದೆ. ಜಿಲ್ಲೆ ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಅಂಗಳದಲ್ಲಿ ಒಂದೊಂದು ಫಲಕ ನಿಲ್ಲಿಸಿ ಹತ್ತು ವರ್ಷ ಅಳೆದರೂ ಆಗುವ ಖರ್ಚು ಅಲ್ಪ, ಲಾಭ ಅಪಾರ. ಮೂರನೆಯದು: ಆ ಅಳತೆಯ ಕೆಲಸದಲ್ಲಿ ಗಾರೆ ಕೆಲಸದವರನ್ನೂ ಸೇರಿಸಿಕೊಳ್ಳಲಿ. ಯಾವ ಮೂಲೆ ಮೊದಲು ಬಿರಿಯುತ್ತದೆ, ಯಾವ ಕಾಲದಲ್ಲಿ ಹಾಕಿದ ತಾರಸಿ ಸೋರುತ್ತದೆ ಎಂಬ ತಿಳಿವಳಿಕೆ ಅವರ ಕೈಬೆರಳಿನಲ್ಲಿದೆ. ಅದು ಯಾರ ಪುಸ್ತಕದಲ್ಲೂ ದಾಖಲಾಗದೆ ಅವರೊಡನೆಯೇ ಮಣ್ಣಾಗುತ್ತಿದೆ.

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆ ನಮ್ಮಲ್ಲಿದೆ. ಕಣ್ಣಾರೆ ಕಂಡದ್ದಕ್ಕೇ ಇಷ್ಟು ಎಚ್ಚರ ಹೇಳಿದವರು, ಪರದೆಯ ಮೇಲೆ ಬಣ್ಣಬಣ್ಣವಾಗಿ ಕಾಣುವ ಅನುಮಾನಕ್ಕೆ ಇನ್ನೆಷ್ಟು ಎಚ್ಚರ ಹೇಳುತ್ತಿದ್ದರು! ಎಂಜಿನಿಯರಿಂಗ್ ಓದುವ ನಮ್ಮ ಗೆಳೆಯರು ಲೆಕ್ಕವನ್ನು ಇನ್ನೂ ಸೂಕ್ಷ್ಮ ಮಾಡಲಿ. ಅದು ಅವರ ಧರ್ಮ. ‘ಈ ಲೆಕ್ಕಕ್ಕೆ ಸಾಕ್ಷಿಯೇನು? ಯಾವ ಊರಿನ ಸಾಕ್ಷಿ? ಎಷ್ಟು ವರ್ಷದ ಸಾಕ್ಷಿ?’ ಎಂದು ಕೇಳುವುದು ನಮ್ಮ ಧರ್ಮ. ನಾಳೆ ನಮ್ಮಲ್ಲಿ ಕೆಲವರು ಪಂಚಾಯತಿಯ ಸದಸ್ಯರಾಗುತ್ತೇವೆ, ಕೆಲವರು ಕಚೇರಿಗಳಲ್ಲಿ ಕಡತಗಳನ್ನು ಮುಂದಕ್ಕೆ ಕಳಿಸುತ್ತೇವೆ, ಕೆಲವರು ಪತ್ರಿಕೆಗಳಲ್ಲಿ ಬರೆಯುತ್ತೇವೆ. ತಾನೇ ಮಾಯುವ ಕಾಂಕ್ರೀಟಿನ ಕಡತ ಒಂದು ದಿನ ನಮ್ಮ ಮೇಜಿಗೂ ಬಂದೇ ಬರುತ್ತದೆ. ಆ ದಿನ ಬಣ್ಣದ ಚಿತ್ರಕ್ಕೆ ಬೆರಗಾಗಿ ಸಹಿ ಹಾಕದೆ, ಅಳತೆಯ ಪುಸ್ತಕವನ್ನು ತರಿಸಿ ನೋಡುವವರು 우ರೂರಿಗೆ ಒಬ್ಬೊಬ್ಬರು ಇದ್ದರೂ ಸಾಕು, ಆ ಕಾಂಕ್ರೀಟು ನಿಜವಾಗಿಯೂ ಮಾಯುವುದನ್ನು ಕಲಿಯುತ್ತದೆ.